ಉಸಿರು ಮತ್ತು ಮುಖವಾಡ

ಹಳಗನ್ನಡ ಕಾವ್ಯಪಾಠದಲ್ಲಿ 'ಉಸಿರ್' ಎಂಬ ಕ್ರಿಯಾಪದ ಎದುರಾದಾಗಲೆಲ್ಲ ನಮ್ಮ ತರಗತಿಯಲ್ಲಿ ಯಾರಾದರೊಬ್ಬರು ಅದಕ್ಕೆ 'ಉಸಿರಾಡಿದನು' ಎಂದೇ ಅರ್ಥ ಹೇಳುತ್ತಾರೆ. ಅಲ್ಲಿ ಬಹುಮಟ್ಟಿಗೆ ಅದರ ಅರ್ಥ 'ಹೇಳು, ನುಡಿ' ಎಂದು. ಇಂದಿಗೂ ನಾವು ಗುಟ್ಟನ್ನು ಕಿವಿಯಲ್ಲಿ ಉಸುರುತ್ತೇವೆ. ಹಿರಿಯರ ಎದುರಿನಲ್ಲಿ ಉಸಿರೆತ್ತದೆ ಕುಳಿತೆವು ಎನ್ನುತ್ತೇವೆ. ನಿಟ್ಟುಸಿರು, ಬಿಸುಸಿರು, ಏದುಸಿರು ಎಂದು ಉಸಿರಿನ ಬಗೆಗಳಿಗೆ ಬೇರೆ ಬೇರೆ ಹೆಸರಿಟ್ಟಿರುವ ನಮ್ಮ ನುಡಿ, ನಿದ್ದೆಯಲ್ಲಿ ನಿಂತು ಮತ್ತೆ ಹೊರಡುವ ಉಸಿರಿಗೆ ಮಾತ್ರ ಹೆಸರು ಕೊಟ್ಟಂತಿಲ್ಲ. ವೈದ್ಯರು ಅದನ್ನು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಅಪ್ನಿಯಾ ಎಂಬುದು ಗ್ರೀಕ್ ಮೂಲದ ಮಾತು. ಉಸಿರಿಲ್ಲದಿರುವಿಕೆ ಎಂದು ಅದರ ಅರ್ಥ. ಎರಡು ವರ್ಷಗಳಿಂದ ಈ ರೋಗದೊಂದಿಗೂ ಅದರ ಚಿಕಿತ್ಸೆಯೊಂದಿಗೂ ನನ್ನ ಸಹವಾಸ ನಡೆದಿದೆ. ಚಿಕಿತ್ಸೆಯ ಭಾಗವಾದ ಮುಖವಾಡವೊಂದಕ್ಕೆ ಮುಖವನ್ನು ಹೊಂದಿಸಿಕೊಂಡ, ಅಥವಾ ಮುಖಕ್ಕೆ ಅದನ್ನು ಹೊಂದಿಸಿಕೊಂಡ, ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ. ಗಡಿಯ ಹಳ್ಳಿಗಳಿಂದ ಬರುವ ನಿಮ್ಮ ಮನೆಗಳಲ್ಲಿಯೂ ಗೊರಕೆ ಹೊಡೆಯುವ ಹಿರಿಯರು ಇದ್ದೇ ಇರುತ್ತಾರೆ.

ಈ ರೋಗದಲ್ಲಿ ನಡೆಯುವುದು ಇಷ್ಟು. ನಿದ್ದೆ ಆಳವಾದಂತೆ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ನಾಲಗೆಯ ಬುಡವೂ ಕಿರುನಾಲಗೆಯ ಸುತ್ತಲಿನ ಮೃದುಭಾಗವೂ ಹಿಂದಕ್ಕೆ ಕುಸಿದು ಗಾಳಿಯ ದಾರಿಯನ್ನು ಕಿರಿದಾಗಿಸುತ್ತವೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಸದ್ದು ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಗೊಂಡು ಅರೆಕ್ಷಣ ಎಚ್ಚರಿಸುತ್ತದೆ. ಮಲಗಿದವನು ದೊಡ್ಡ ಸದ್ದಿನೊಂದಿಗೆ ಗಾಳಿ ಎಳೆದುಕೊಂಡು ಮತ್ತೆ ನಿದ್ದೆಗೆ ಜಾರುತ್ತಾನೆ. ಬೆಳಗ್ಗೆ ಅವನಿಗೆ ಏನೂ ನೆನಪಿರುವುದಿಲ್ಲ. ಕನಿಷ್ಠ 10 ಸೆಕೆಂಡು ನಿಂತ ಉಸಿರನ್ನೂ, ಹಾಗೆಯೇ ಗಣನೀಯವಾಗಿ ಕುಗ್ಗಿದ ಉಸಿರನ್ನೂ ಎಣಿಸಿ, ಗಂಟೆಗೆ ಎಷ್ಟು ಸಲ ಎಂದು ಲೆಕ್ಕ ಹಾಕುತ್ತಾರೆ. 5ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ನನ್ನದು 38 ಇತ್ತು.

ಸಾಹಿತ್ಯದಲ್ಲಿ ಗೊರಕೆಗೆ ಹಾಸ್ಯದ ಸ್ಥಾನ ದೊರೆತಿದೆ. ವಾಲ್ಮೀಕಿ ರಾಮಾಯಣದಲ್ಲಿ ಮಲಗಿರುವ ಕುಂಭಕರ್ಣನ ಉಸಿರಿನ ಗಾಳಿಗೆ ಅವನನ್ನು ಎಬ್ಬಿಸಲು ಬಂದ ರಾಕ್ಷಸರೇ ನಿಲ್ಲಲಾರರು. ಇಂಗ್ಲಿಷಿನಲ್ಲಿ ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಕಂತುಕಂತಾಗಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಜೋ ಎಂಬ ದಪ್ಪ ಹುಡುಗನಿದ್ದಾನೆ. ನಿಂತಲ್ಲಿ ಕುಳಿತಲ್ಲಿ ನಿದ್ದೆ ಹೋಗುವುದೇ ಅವನ ಕಸುಬು. 1956ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯದೊಂದಿಗೆ ಬರುವ ಉಸಿರಾಟದ ಕೊರತೆಯೊಂದಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ಕಾದಂಬರಿಕಾರನ ಕಣ್ಣು ವೈದ್ಯರಿಗಿಂತ ನೂರು ವರ್ಷ ಮುಂದಿತ್ತು ಎಂದು ಸಂತೋಷಪಡಬಹುದು. ಆದರೆ ಅವನೂ ನಕ್ಕೇ ಮುಂದೆ ಹೋದ.

ನಮ್ಮ ಮನೆಯಲ್ಲಿಯೂ ನಗುತ್ತಿದ್ದರು. ನನ್ನ ತಂದೆಯವರ ಗೊರಕೆ ಓಣಿಯ ಆ ತುದಿಗೆ ಕೇಳುತ್ತಿತ್ತು. ದುಡಿದ ಮೈಗೆ ಗಟ್ಟಿ ನಿದ್ದೆ ಎಂದು ಊರವರೆಲ್ಲ ಮೆಚ್ಚಿಕೊಳ್ಳುತ್ತಿದ್ದರು. ಹಗಲಿನಲ್ಲಿ ಅವರು ಬಂಡಿಯ ಮೇಲೆ, ಕಟ್ಟೆಯ ಮೇಲೆ, ಭಜನೆಯ ನಡುವೆ ತೂಕಡಿಸುತ್ತಿದ್ದುದಕ್ಕೂ ರಾತ್ರಿಯ ಗಟ್ಟಿ ನಿದ್ದೆಗೂ ಇರುವ ವಿರೋಧವನ್ನು ಯಾರೂ ಗಮನಿಸಲಿಲ್ಲ. 61ನೆಯ ವಯಸ್ಸಿನಲ್ಲಿ ಒಂದು ನಸುಕಿನಲ್ಲಿ ಅವರು ಏಳಲಿಲ್ಲ. ನಿದ್ದೆಯಲ್ಲಿ ಹೋದ ಪುಣ್ಯವಂತ ಎಂದರು. ಕಾರಣವನ್ನು ಯಾರೂ ಪರೀಕ್ಷಿಸಲಿಲ್ಲ. ಈಗ ನಾನೂ ಊಹಿಸುವುದಿಲ್ಲ. ಆದರೆ ನನ್ನ ವರದಿಯಲ್ಲಿ 38 ಎಂಬ ಅಂಕಿಯನ್ನು ಕಂಡ ದಿನ ಅವರ ವಯಸ್ಸಿಗೂ ನನ್ನ ವಯಸ್ಸಿಗೂ ಇರುವ ಅಂತರವನ್ನು ಮನಸ್ಸು ತಾನೇ ಕಳೆದು ನೋಡಿತು. ಉತ್ತರ ಒಂದಂಕಿಯದು.

ಮರಾಠಿಯಲ್ಲಿ ಗೊರಕೆ ಹೊಡೆಯುವುದಕ್ಕೆ 'ಘೋರಣೆ' ಎನ್ನುತ್ತಾರೆ. ಅದೇ ಭಾಷೆಯಲ್ಲಿ 'ಜೀವಾಲಾ ಘೋರ್' ಎಂದರೆ ಜೀವಕ್ಕೆ ಹತ್ತಿದ ಚಿಂತೆ. ಇವೆರಡಕ್ಕೂ ನಿರುಕ್ತದಲ್ಲಿ ಸಂಬಂಧವಿದೆಯೆಂದು ನಾನು ವಾದಿಸುತ್ತಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಜಿಲ್ಲಾ ಪರಿಷದೆಯ ಕನ್ನಡ ಶಾಲೆಯಲ್ಲಿ, ಮುಂದೆ ಮರಾಠಿ ಮಾಧ್ಯಮದಲ್ಲಿ ಕಲಿತ ನನ್ನಂಥವನ ತಲೆಯಲ್ಲಿ ಇಂಥ ಮಾತುಗಳು ಅಕ್ಕಪಕ್ಕದ ಮನೆಯವರಂತೆ ವಾಸಿಸುತ್ತವೆ, ಅಷ್ಟೆ. ಈ ಎರಡನ್ನೂ ಒಂದೇ ಕೋಣೆಯಲ್ಲಿ ಕೇಳಿಸಿಕೊಂಡವಳು ನನ್ನ ಹೆಂಡತಿ. ವೈದ್ಯರ ಮುಂದೆ ಅವಳು ಹೇಳಿದ ಮಾತನ್ನು ಯಾವ ಪಠ್ಯಪುಸ್ತಕವೂ ಅಷ್ಟು ಸ್ಪಷ್ಟವಾಗಿ ಹೇಳಲಾರದು: "ಇವ್ರು ಗೊರಕಿ ಹೊಡಿಯೂ ತನಕಾ ನನಗ ಚಿಂತಿ ಇಲ್ರಿ. ಸುಮ್ಮನಾದ್ರ ಹೆದರಿಕಿ ಬರ್ತದ. ಮತ್ತ ಯಾವಾಗ ಉಸರ ಹಾಕ್ತಾರಂತ ಎಣಿಸ್ಕೋತ ಕೂಡ್ತೀನಿ." ಅವಳು ಎಣಿಸಿದ್ದು ಇಪ್ಪತ್ತೈದು, ಮೂವತ್ತರವರೆಗೆ ಹೋಗುತ್ತಿತ್ತಂತೆ. ಒಂದು ರಾತ್ರಿ ಮೈಗೆಲ್ಲ ತಂತಿ ಅಂಟಿಸಿ ನಡೆಸಿದ ಪರೀಕ್ಷೆ ಅವಳ ಎಣಿಕೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಚಿಕಿತ್ಸೆ ಹಿಡಿಯುವ ತನಕ ಸ್ಕೂಟರ್ ಮುಟ್ಟಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ನಾನು ಎಸ್.ಟಿ. ಬಸ್ಸಿನ ಪಾಸು ತೆಗೆಸಿದೆ.

ಚಿಕಿತ್ಸೆಯ ತತ್ತ್ವ ಅತ್ಯಂತ ಸರಳ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರೂ ಅವರ ಸಂಗಡಿಗರೂ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಐವರು ರೋಗಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಮೂಗಿನ ಮೂಲಕ ಎಡೆಬಿಡದೆ ತುಸು ಒತ್ತಡದ ಗಾಳಿಯನ್ನು ಕಳುಹಿಸಿದರೆ ಆ ಗಾಳಿಯೇ ಗಂಟಲಿನ ದಾರಿಗೆ ಒಳಗಿನಿಂದ ಊರೆಗೋಲಾಗಿ ನಿಲ್ಲುತ್ತದೆ, ದಾರಿ ಕುಸಿಯುವುದಿಲ್ಲ. ಸಿಪ್ಯಾಪ್ ಎಂಬ ಈ ಯಂತ್ರ ಮಾಡುವುದು ಇದನ್ನೇ. ಒತ್ತಡವನ್ನು ನೀರಿನ ಸೆಂಟಿಮೀಟರುಗಳಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 4ರಿಂದ 20ರವರೆಗೆ. ನನಗೆ ಬೇಕಾದದ್ದು 10. ಗೇಣುದ್ದಕ್ಕೂ ಕಡಿಮೆಯಾದ ನೀರಿನ ಭಾರ! ಜೀವಕ್ಕೂ ಅದರ ನಿಲುಗಡೆಗೂ ನಡುವೆ ಇಷ್ಟು ಅಲ್ಪವಾದ ಆಧಾರ ಸಾಕೆಂಬುದು ನನಗೆ ಇಂದಿಗೂ ಸೋಜಿಗ. ಆರಂಭದ ದಿನಗಳಲ್ಲಿ ಸಿಡ್ನಿಯ ರೋಗಿಗಳಿಗೆ ಅವರವರ ಮೂಗಿನ ಅಚ್ಚು ತೆಗೆದು ಮುಖವಾಡ ಮಾಡಿ, ಪ್ರತಿ ರಾತ್ರಿ ಅದನ್ನು ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸುತ್ತಿದ್ದರಂತೆ. ಯಂತ್ರಕ್ಕಿಂತ ಮುಖವಾಡವೇ ಕಷ್ಟದ್ದೆಂಬುದು ಅಂದಿನಿಂದಲೂ ನಿಜ.

'ಮುಖವಾಡ' ಎಂಬ ಕನ್ನಡ ಪದಕ್ಕೆ ಸೋಗಿನ ಛಾಯೆಯಿದೆ. ಮರಾಠಿಯ 'ಮುಖವಟಾ'ಕ್ಕೂ ಅದಿದೆ, ಆದರೆ ಗೌರಿಹಬ್ಬದಲ್ಲಿ ಪೂಜೆಗೊಳ್ಳುವ ದೇವಿಯ ಮುಖವೂ ಮುಖವಟಾ ಆದ್ದರಿಂದ ಅಲ್ಲಿ ತುಸು ಗೌರವವೂ ಉಳಿದಿದೆ. ನನ್ನದಕ್ಕೆ ಮೊದಲ ರಾತ್ರಿ ಯಾವ ಗೌರವವೂ ದೊರೆಯಲಿಲ್ಲ. ಅವ್ವ ಬಾಗಿಲಲ್ಲಿ ನಿಂತು, "ಇದೇನಪಾ ತಮ್ಮಾ, ಆನಿ ಸೊಂಡಿ ಹಚ್ಚಿಕೊಂಡಾಂಗ ಹಚ್ಚಿಕೊಂಡೀದಿ?" ಎಂದಳು.

ಯಂತ್ರ ಮಾರಿದ ಅಂಗಡಿಯವರು ಕಟ್ಟೆಯ ಆಚೆಯಿಂದಲೇ ನನ್ನ ಮುಖ ನೋಡಿ, ದಾಸ್ತಾನಿನಲ್ಲಿದ್ದ ಮಧ್ಯಮ ಗಾತ್ರದ, ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕನ್ನು ಕೊಟ್ಟು ಕಳುಹಿಸಿದ್ದರು. ಹೆಸರು ಬೇಡ. ಚಪ್ಪಲಿ ಅಂಗಡಿಯವನೂ ಕಾಲಿಗೆ ಹಾಕಿ ನೋಡಿ ಎನ್ನುತ್ತಾನೆ. ಮೊದಲ ವಾರ ಮೂರು ತೊಂದರೆಗಳು ಒಟ್ಟಿಗೆ ಬಂದವು: ಮೂಗಿನ ಮೇಲೆ ಕೆಂಪು ಗಾಯ, ಕಣ್ಣಿನ ಕಡೆಗೆ ಸೋರುವ ಗಾಳಿ, ಮುಖ ಮುಚ್ಚಿದ್ದರಿಂದ ಉಸಿರು ಕಟ್ಟೀತೆಂಬ ಭಯ. ಉಸಿರು ಕಟ್ಟದಿರಲೆಂದು ಕೊಟ್ಟ ವಸ್ತುವಿನಿಂದಲೇ ಉಸಿರು ಕಟ್ಟುವ ಭಯ. ಯಂತ್ರ ತನ್ನೊಳಗಿನ ಚೀಟಿಯಲ್ಲಿ ಎಷ್ಟು ಹೊತ್ತು ಧರಿಸಿದೆ, ಎಷ್ಟು ಗಾಳಿ ಸೋರಿತು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಎಲ್ಲವನ್ನೂ ದಾಖಲಿಸುತ್ತದೆ. ಆ ವಾರದ ಸರಾಸರಿ ಎರಡು ಗಂಟೆ. ಬಹಳ ಜನ ಈ ಘಟ್ಟದಲ್ಲಿಯೇ ಯಂತ್ರವನ್ನು ಅಟ್ಟಕ್ಕೇರಿಸುತ್ತಾರೆಂದು ವೈದ್ಯರು ಹೇಳಿದರು. ಉಳಿದವರು ಹಲ್ಲು ಕಚ್ಚಿ ಸಹಿಸುತ್ತಾರೆ. ಇವೆರಡೂ ಬೇಡವೆಂದು ನಾನು ತೀರ್ಮಾನಿಸಿದೆ. ನಾವು ಗ್ರಂಥಸಂಪಾದನೆಯ ಪಾಠದಲ್ಲಿ ಅರ್ಥವಾಗದ ಪದ್ಯವನ್ನು ಹರಿದು ಹಾಕುವುದಿಲ್ಲ, ಕಣ್ಣು ಮುಚ್ಚಿ ಒಪ್ಪುವುದೂ ಇಲ್ಲ. ದೋಷ ಯಾವ ಅಕ್ಷರದಲ್ಲಿದೆಯೆಂದು ಹುಡುಕುತ್ತೇವೆ. ದಿಂಬಿನ ಬಳಿ ಒಂದು ನೋಟುಬುಕ್ಕು ಇಟ್ಟುಕೊಂಡೆ. ಒಂದು ರಾತ್ರಿಗೆ ಒಂದೇ ಬದಲಾವಣೆ, ಬೆಳಗ್ಗೆ ಅದರ ಫಲದ ದಾಖಲೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಭಯವನ್ನು ಹಗಲಿನಲ್ಲಿ ಎದುರಿಸಬೇಕೆಂದು ವೈದ್ಯರ ಸಲಹೆ. ಸಂಜೆ ಪತ್ರಿಕೆ ಓದುವಾಗ ಇಪ್ಪತ್ತು ನಿಮಿಷ ಮಾಸ್ಕ್ ಹಾಕಿಕೊಂಡು ಕುಳಿತೆ. ಮೊದಲ ದಿನ ಬರಿದೇ, ಆಮೇಲೆ ಕೊಳವೆ ಜೋಡಿಸಿ ಯಂತ್ರ ಚಾಲೂ ಮಾಡಿ. ಇಂಥ ಮಾಸ್ಕಿನಲ್ಲಿ ಬಿಟ್ಟ ಉಸಿರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ವಿದ್ಯುತ್ತು ಹೋಗಿ ಗಾಳಿ ನಿಂತರೆ ತಾನಾಗಿ ತೆರೆದುಕೊಳ್ಳುವ ಕವಾಟವೂ ಇರುತ್ತದೆ. ಇದನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆ ಅರ್ಧ ಭಯ ಹೋಯಿತು. ಗಾಳಿ ಒಮ್ಮೆಲೇ ನುಗ್ಗದೆ 4ರಿಂದ ಆರಂಭವಾಗಿ ಅರ್ಧ ಗಂಟೆಯಲ್ಲಿ ಮೆಲ್ಲನೆ 10ಕ್ಕೆ ಏರುವಂತೆ ಯಂತ್ರವನ್ನು ಹೊಂದಿಸಲು ಬರುತ್ತದೆ. ಉಳಿದರ್ಧ ಭಯಕ್ಕೆ ಅದು ಮದ್ದಾಯಿತು.

ಸೋರಿಕೆಯ ವಿಚಾರ ಹೆಚ್ಚು ಸ್ವಾರಸ್ಯದ್ದು. ಗಾಳಿ ಸೋರಿದರೆ ಪಟ್ಟಿಯನ್ನು ಬಿಗಿಯಬೇಕೆಂದು ಯಾರಿಗಾದರೂ ತೋರುತ್ತದೆ. ಆಸ್ಪತ್ರೆಯಲ್ಲಿ ಮಾಸ್ಕಿನ ಹೊಂದಿಕೆ ನೋಡುವ ತರುಣಿಯೊಬ್ಬಳು ಮರಾಠಿಯಲ್ಲಿ, "ಸರ್, ಝೋಪೂನ್ ಬಘಾ" ಎಂದಳು, ಮಲಗಿ ನೋಡಿ ಎಂದು. ಕುಳಿತಾಗ ಒಂದಿದ್ದ ಮುಖ ಮಲಗಿದಾಗ ಬೇರೆಯಾಗುತ್ತದೆ. ಗಲ್ಲದ ಮಾಂಸ ಕಿವಿಯ ಕಡೆಗೆ ಸರಿಯುತ್ತದೆ. ಆದ್ದರಿಂದ ಮಾಸ್ಕನ್ನು ಮಲಗಿಯೇ, ಪೂರ್ಣ ಒತ್ತಡದ ಗಾಳಿ ಬರುತ್ತಿರುವಾಗಲೇ ಹೊಂದಿಸಬೇಕು. ಅದರ ಅಂಚು ತೆಳುವಾದ ಸಿಲಿಕೋನಿನ ಪದರ. ಗಾಳಿ ತುಂಬಿದಾಗ ಅದು ಉಬ್ಬಿ ಮುಖದ ಏರುತಗ್ಗುಗಳಿಗೆ ಕೂಡಿಕೊಳ್ಳಬೇಕು. ಪಟ್ಟಿ ಬಿಗಿದರೆ ಪದರ ಚಪ್ಪಟೆಯಾಗಿ ಮಡಚಿ ಇನ್ನಷ್ಟು ಸೋರುತ್ತದೆ, ಗಾಯವೂ ಆಗುತ್ತದೆ. ಅವಳು ನನ್ನ ಪಟ್ಟಿಗಳನ್ನು ಪೂರ್ತಿ ಸಡಿಲಿಸಿ, ಮಾಸ್ಕನ್ನು ಮುಖದಿಂದ ತುಸು ಎತ್ತಿ ಗಾಳಿ ತುಂಬಲು ಬಿಟ್ಟು ಮತ್ತೆ ಕೂರಿಸಿ, ಪಟ್ಟಿಯ ಕೆಳಗೆ ಒಂದೆರಡು ಬೆರಳು ಆಡುವಷ್ಟು ಮಾತ್ರ ಎಳೆದಳು. ಸೋರುವುದು ನಿಂತಿತು. ಮಾಸ್ಕ್ ದೊಡ್ಡದಾಯಿತೆಂದೂ, ಮೂಗು ಸ್ವಚ್ಛವಿದ್ದರೆ ಮೂಗನ್ನಷ್ಟೇ ಮುಚ್ಚುವ ಸಣ್ಣ ಮಾಸ್ಕ್ ಸಾಕೆಂದೂ ಅವಳೇ ತಿಳಿಸಿದಳು. (ಮರಾಠಿಯ 'ಝೋಪಣೆ' ಮಲಗುವುದಕ್ಕೂ ನಿದ್ದೆ ಹೋಗುವುದಕ್ಕೂ ಸಲ್ಲುತ್ತದೆ. ನಮ್ಮ 'ಮಲಗು' ಕೂಡ ಹಾಗೆಯೇ. ಎರಡೂ ಭಾಷೆಯವರು ಹಾಸಿಗೆಗೆ ಒರಗಿದವನಿಗೆಲ್ಲ ನಿದ್ದೆ ಬಂದೀತೆಂದು ನಂಬಿದ ಭಾಗ್ಯವಂತರು.)

ಸಣ್ಣ ಮಾಸ್ಕಿಗೆ ಅಡ್ಡ ಬಂದದ್ದು ಮೀಸೆ. ಅದರ ಕೆಳ ಅಂಚು ಮೇಲ್ದುಟಿಯ ಮೇಲೆ ಕೂರುತ್ತದೆ. ಕೂದಲಿನ ಸಂದಿಯಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು. ಬೋಳಿಸುವ ಮಾತು ಬಂದಾಗ ಅವ್ವ ಒಪ್ಪಲಿಲ್ಲ. ನಮ್ಮ ಕಡೆ ಮೀಸೆ ತೆಗೆಯುವುದಕ್ಕೆ ಇರುವ ಅರ್ಥ ನಿಮಗೆ ಗೊತ್ತು. ಕೊನೆಗೆ ತುಟಿಯ ಕಡೆಯ ಅಂಚನ್ನು ಕತ್ತರಿಸಿ ತೆಳುವಾಗಿಸುವುದೆಂದು ರಾಜಿಯಾಯಿತು. ನಿಮ್ಮಲ್ಲಿ ಕೆಲವರು ಇದನ್ನು ಗಮನಿಸಿ ನಕ್ಕದ್ದನ್ನು ನಾನೂ ಗಮನಿಸಿದ್ದೇನೆ.

ಬೇಸಿಗೆ ಬಂತು. ಸೋಲಾಪುರದ ಏಪ್ರಿಲ್, ಮೇ ತಿಂಗಳ ಬಿಸಿಲು 42 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ರಾತ್ರಿಯೂ ಗೋಡೆಗಳು ಕಾದಿರುತ್ತವೆ. ಬೆವರಿಗೆ ಸಿಲಿಕೋನು ಜಾರುತ್ತಿತ್ತು, ಮೂಗಿನ ಮೇಲಿನ ಗಾಯ ಮತ್ತೆ ಕೆಂಪಾಯಿತು. ಮಾಸ್ಕಿಗೂ ಚರ್ಮಕ್ಕೂ ನಡುವೆ ಇಡುವ ಬಟ್ಟೆಯ ಪದರಗಳು ಸಿದ್ಧವಾಗಿಯೂ ಸಿಗುತ್ತವೆ, ಆದರೆ ನಮ್ಮಲ್ಲಿ ಅವನ್ನು ತರಿಸಬೇಕು. ಇದನ್ನು ಕೇಳಿಸಿಕೊಂಡ ಅವ್ವ ಟ್ರಂಕಿನಿಂದ ತಂದೆಯವರ ಹಳೆಯ ಧೋತರವೊಂದನ್ನು ತೆಗೆದಳು. ನೂರಾರು ಸಲ ಒಗೆದ ಹತ್ತಿ ಬಟ್ಟೆಯ ಮೆತ್ತಗೆ ಹೊಸ ಬಟ್ಟೆಗೆ ಬಾರದು. ಮಾಸ್ಕನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ನಡುವೆ ಮೂಗಿಗೆ ಜಾಗ ಬಿಟ್ಟು, ಬಟ್ಟೆಯನ್ನು ಬಳೆಯಂತೆ ಕತ್ತರಿಸಿದಳು. ಮೊದಲನೆಯದಕ್ಕೆ ಅಂದವಾಗಿ ಅಂಚು ಹೊಲಿದಳು. ಹೊಲಿಗೆಯ ದಿಂಡಿನಿಂದ ಗಾಳಿ ಸೋರಿತು. ಎರಡನೆಯದಕ್ಕೆ ಹೊಲಿಯಲಿಲ್ಲ, ಸರಿಯಾಗಿ ಕೂಡಿತು. ದಾರ ಬಿಟ್ಟುಕೊಂಡು ಮೂರು ನಾಲ್ಕು ರಾತ್ರಿಗೆ ಸವೆಯುತ್ತದೆ, ಆದರೆ ಬೆವರನ್ನು ಹೀರುತ್ತದೆ, ಗಾಯ ಮಾಯಿತು. ಉಸಿರು ಹೊರಹೋಗುವ ರಂಧ್ರಗಳನ್ನು ಮುಚ್ಚದಿದ್ದರೆ ಅಡ್ಡಿಯಿಲ್ಲ ಎಂದು ವೈದ್ಯರೂ ಒಪ್ಪಿದರು. ಆ ಧೋತರ ಇಷ್ಟು ವರ್ಷ ಟ್ರಂಕಿನಲ್ಲಿ ಏಕಿತ್ತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಉಳಿದವು ಚಿಕ್ಕ ಸಂಗತಿಗಳು. ಮಲಗುವ ಮುನ್ನ ಮುಖ ತೊಳೆಯಬೇಕು, ಎಣ್ಣೆ ಹಚ್ಚಬಾರದು. ಮಾಸ್ಕಿನ ಅಂಚನ್ನು ದಿನವೂ ಸೌಮ್ಯವಾದ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಆರಿಸಬೇಕು. ಮೂಗು ಒಣಗಿ ಉರಿದರೆ ಯಂತ್ರಕ್ಕೆ ಜೋಡಿಸುವ ನೀರಿನ ಡಬ್ಬಿ ಬೇಕು, ಅದಕ್ಕೆ ಔಷಧಿ ಅಂಗಡಿಯ ಶುದ್ಧ ನೀರನ್ನೇ ಹಾಕಬೇಕು. ನಮ್ಮ ಬೋರಿನ ನೀರು ಒಂದು ವಾರದಲ್ಲಿ ಡಬ್ಬಿಗೆ ಸುಣ್ಣ ಬಳಿಯುತ್ತದೆ. ಚಳಿಗಾಲದಲ್ಲಿ ಅದೇ ಆವಿ ತಣ್ಣನೆಯ ಕೊಳವೆಯಲ್ಲಿ ನೀರಾಗಿ ಗುಳುಗುಳು ಸದ್ದು ಮಾಡುತ್ತದೆ. ಕೊಳವೆಗೆ ಬಟ್ಟೆ ಸುತ್ತಿ, ಯಂತ್ರವನ್ನು ಹಾಸಿಗೆಗಿಂತ ಕೆಳಗೆ ಇಟ್ಟರೆ ತೀರಿತು. ಬಾಯಿ ತೆರೆದುಕೊಂಡು ಗಾಳಿ ಹೋಗುವವರಿಗೆ ಗದ್ದದ ಪಟ್ಟಿಯೋ ಬಾಯಿ ಮುಚ್ಚುವ ಮಾಸ್ಕೋ ಬೇಕಾಗಬಹುದು. ನನಗೆ ಆ ತೊಂದರೆ ಬರಲಿಲ್ಲ.

ಮೂರನೆಯ ತಿಂಗಳು ಯಂತ್ರದ ಲೆಕ್ಕ ರಾತ್ರಿಗೆ ಆರೂವರೆ ಗಂಟೆ, ಉಸಿರು ನಿಂತದ್ದು ಗಂಟೆಗೆ 3 ಸಲ. ಹೆಂಡತಿಗೆ ಮಾತ್ರ ಮೊದಮೊದಲು ನಿದ್ದೆ ಬರಲಿಲ್ಲ. ಕೋಣೆ ಸುಮ್ಮನಿದ್ದರೆ ಹೆದರುವ ಅಭ್ಯಾಸ ಅವಳಿಗೆ ವರ್ಷಗಳಿಂದ ಆಗಿಹೋಗಿತ್ತು. ನಡುರಾತ್ರಿ ಎದ್ದು ನನ್ನ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಮಧ್ಯಾಹ್ನ ಎರಡೂವರೆಯ ತಾಸಿನಲ್ಲಿ ನಾನು ಪಾಠ ಮಾಡುತ್ತ ಕಿಟಕಿಗೆ ಒರಗುವುದನ್ನು ಬಿಟ್ಟದ್ದು ನಿಮ್ಮ ಹಿಂದಿನ ತಂಡದವರಿಗೆ ಗೊತ್ತು. ನಾಲ್ಕು ಪುಟ ಓದುವಷ್ಟರಲ್ಲಿ ಸಾಲುಗಳು ಒಂದರ ಮೇಲೊಂದು ಕವಿಯುತ್ತಿದ್ದುದು ವಯಸ್ಸಿನ ದೋಷವೆಂದು ತಿಳಿದಿದ್ದೆ. ಈಗ ರಾತ್ರಿ ಊಟದ ಮೇಲೂ ಓದುತ್ತೇನೆ. ವೈದ್ಯರು ಅನುಮತಿ ಕೊಟ್ಟ ಮೇಲೆ ಸ್ಕೂಟರನ್ನೂ ತೆಗೆದೆ.

ನೋಟುಬುಕ್ಕಿನಲ್ಲಿ ಒಂದು ವಿಚಿತ್ರವಿದೆ. ನೋವು, ಉರಿ, ಕಿರಿಕಿರಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಅಂಕಿಗಳನ್ನೂ ಅವುಗಳ ಹೋಲಿಕೆಯನ್ನೂ ಮರಾಠಿಯಲ್ಲಿ. ಗಣಿತವನ್ನು ಯಾವ ಭಾಷೆಯಲ್ಲಿ ಕಲಿತೆವೋ ಆ ಭಾಷೆಯಲ್ಲಿಯೇ ಲೆಕ್ಕ ನಡೆಯುತ್ತದೆ ಎನ್ನುತ್ತಾರೆ. ಅರ್ಧನಿದ್ದೆಯಲ್ಲಿ ಬರೆದ ಪುಟಗಳು ಅದನ್ನು ಮರೆಮಾಚಲಾರವು.

ಕಳೆದ ತಿಂಗಳು ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ವಿಭಾಗಕ್ಕೆ ಬಂದು, ಬಾಗಿಲು ಮುಂದೆ ಮಾಡಿ ಕೇಳಿದ: "ಸರ್, ನಮ್ಮಪ್ಪಗ ಗೊರಕಿ ಭಾಳ. ನಡುವ ಒಮ್ಮೊಮ್ಮೆ ನಿಂತು ಬಿಡ್ತದ್ರಿ." ತಂದೆ ಲಾರಿ ಚಾಲಕರು, ರಾತ್ರಿ ಪಾಳಿ. ಹಗಲಿನಲ್ಲಿ ತೂಕಡಿಸುತ್ತಾರೆಯೇ ಎಂದು ಕೇಳಿದೆ. ಅವನು ನೆಲ ನೋಡಿದ. ಮಾಳಿಗೆಯ ಮೇಲೆ ಮಲಗಿದಾಗ ಗಡಿಯಾರ ಹಿಡಿದು ನಿಂತ ಹೊತ್ತನ್ನು ಬರೆದುಕೊಂಡು ಬಾ ಎಂದೆ. ಬರೆದುಕೊಂಡು ಬಂದ, ಐದು ರಾತ್ರಿಗಳದು. ಆ ಹಾಳೆಯೊಂದಿಗೆ ಅವರನ್ನು ವೈದ್ಯರ ಬಳಿಗೆ ಕಳುಹಿಸಿದ್ದೇನೆ, ಬರುವ ವಾರ ಪರೀಕ್ಷೆಯಿದೆ. ನನ್ನ ನೋಟುಬುಕ್ಕನ್ನೂ ಅವನು ಒಯ್ದಿದ್ದಾನೆ. ಅವನ ತಂದೆಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಮರಾಠಿ ಮಾತ್ರ. ಆದ್ದರಿಂದ ಕನ್ನಡದ ಸಾಲುಗಳನ್ನು ಮಗ ಓದಿ ಹೇಳುತ್ತಾನಂತೆ, ಅಂಕಿಗಳನ್ನು ಅವರೇ ನೋಡಿಕೊಳ್ಳುತ್ತಾರಂತೆ.